ಸೋರುತ್ತಿದ್ದುದು ಎಲ್ಲಿಂದ?

ಕೋಲಾರ ತಾಲ್ಲೂಕಿನ ಹುತ್ತೂರು ನಮ್ಮ ಊರು. ಒಂದೇ ಮನೆಯಲ್ಲಿ ನಾವು ಅಣ್ಣ ತಮ್ಮಂದಿರಿಬ್ಬರು, ನಮ್ಮ ಸಂಸಾರಗಳು ಮತ್ತು ನಮ್ಮ ಅಮ್ಮಿ ವಾಸವಾಗಿದ್ದೇವೆ. ಅಮ್ಮಿಯವರ ಮೂತ್ರಪಿಂಡಗಳು ಶಕ್ತಿಗುಂದಿವೆ. ಮಂಗಳವಾರ, ಗುರುವಾರ ಮತ್ತು ಶನಿವಾರ ಬೆಳಿಗ್ಗೆ ಏಳು ಗಂಟೆಗೆ ಅವರನ್ನು ಡಯಾಲಿಸಿಸ್‌ಗಾಗಿ ಕೋಲಾರದ ಆಸ್ಪತ್ರೆಗೆ ಕರೆದೊಯ್ಯಬೇಕು. ಶನಿವಾರದಿಂದ ಮಂಗಳವಾರದವರೆಗಿನ ಅಂತರವೇ ವಾರದಲ್ಲಿ ದೀರ್ಘವಾದದ್ದು. ಮಂಗಳವಾರದ ಹೊತ್ತಿಗೆ ದೇಹದಲ್ಲಿ ನೀರು ತುಂಬಿ, ಕಾಲುಗಳು ಊದಿಕೊಂಡು, ಅವರಿಗೆ ಮಲಗಿದಲ್ಲಿಯೇ ಉಸಿರು ಕಟ್ಟಿದಂತಾಗುತ್ತದೆ. ಆ ದಿನ ತಡವಾಗುವುದನ್ನು ನಾವು ಸಹಿಸಲಾರೆವು.

ಕಳೆದ ವರ್ಷ ನಮ್ಮ ಹಳೆಯ ಕಾರು ಸರಿಯಾಗಿ ಅದೇ ಮಂಗಳವಾರಗಳಂದು ಕೈಕೊಡತೊಡಗಿತು. ಫಜ್ರ್ ನಮಾಝ್ ಮುಗಿಸಿ ಬಂದು ಕೀಲಿ ತಿರುಗಿಸಿದರೆ ಮುಂದಿನ ದೀಪಗಳು ಮಂಕಾಗಿ ಮಿಣುಕಿ, ಒಳಗಿನಿಂದ ಟಕ್ ಟಕ್ ಎಂಬ ಸದ್ದು ಮಾತ್ರ ಬರುತ್ತಿತ್ತು. ಬ್ಯಾಟರಿಗೆ ಮೂರು ವರ್ಷ ವಯಸ್ಸಾಗಿದ್ದುದರಿಂದ ಅದರ ಆಯುಷ್ಯ ತೀರಿತೆಂದು ನಾವು ಭಾವಿಸಿದೆವು. ಕೋಲಾರದ ಒಂದು ಅಂಗಡಿಯಲ್ಲಿ 35 ಆಂಪಿಯರ್-ಗಂಟೆಯ ಹೊಸ ಬ್ಯಾಟರಿ ಕೊಂಡು ಹಾಕಿಸಿದೆವು. ಅಂಗಡಿಯ ಯಜಮಾನರು ನಮ್ಮ ತಂದೆಯವರ ಕಾಲದಿಂದಲೂ ಪರಿಚಿತರು. ನಾವು ಅವರನ್ನು ಚಾಚಾ ಎಂದೇ ಕರೆಯುತ್ತೇವೆ.

ಮೂರನೆಯ ವಾರದ ಮಂಗಳವಾರ ಹೊಸ ಬ್ಯಾಟರಿಯೂ ಸತ್ತಿತು.

ನೆರೆಮನೆಯ ಹಿರಿಯರೊಬ್ಬರು, “ಮಂಗಳವಾರ ಒಳ್ಳೆಯದಲ್ಲ, ಯಾರದೋ ನಜರ್ ತಾಗಿದೆ, ಒಂದು ನಿಂಬೆಹಣ್ಣು ಕಟ್ಟಿ” ಎಂದರು. ದಿನಗಳನ್ನು ಶುಭ ಅಶುಭವೆಂದು ಎಣಿಸುವುದು ನಮ್ಮ ನಂಬಿಕೆಗೆ ಸಲ್ಲದೆಂದು ನಾವು ನಯವಾಗಿಯೇ ನಿರಾಕರಿಸಿದೆವು. ಆದರೆ ನಿಂಬೆಹಣ್ಣನ್ನು ನಿರಾಕರಿಸಿದ ನಮ್ಮ ಮನಸ್ಸು ಅದಕ್ಕಿಂತ ಕೆಟ್ಟದ್ದೊಂದನ್ನು ಸುಲಭವಾಗಿ ಒಪ್ಪಿಕೊಂಡಿತು.

ಬ್ಯಾಟರಿಯನ್ನು ಚಾಚಾ ಅವರ ಬಳಿಗೆ ಒಯ್ದೆವು. ಅವರು ಅದನ್ನು ರಾತ್ರಿಯಿಡೀ ಚಾರ್ಜಿಗೆ ಹಾಕಿ ಮರುದಿನ ಪರೀಕ್ಷಿಸಿದರು. 12.6 ವೋಲ್ಟ್ ತೋರಿಸಿತು. ಕಾರಿಗೆ ಜೋಡಿಸಿ ಇಂಜಿನ್ ಚಾಲೂ ಮಾಡಿದಾಗ 14.2 ವೋಲ್ಟ್ ಬಂದಿತು. “ಬ್ಯಾಟರಿ ಸರಿಯಾಗಿದೆ, ಅದನ್ನು ತುಂಬುವ ಆಲ್ಟರ್ನೇಟರ್ ಕೂಡ ಸರಿಯಾಗಿದೆ. ಗಾಡಿಯಲ್ಲಿ ಎಲ್ಲೋ ಕರೆಂಟ್ ಸೋರುತ್ತಿದೆ. ಒಂದು ದಿನ ಗಾಡಿ ಬಿಟ್ಟುಹೋಗಿ, ಹುಡುಕುತ್ತೇನೆ” ಎಂದರು. ಚಾರ್ಜ್ ಮಾಡಿದ್ದಕ್ಕೆ ಹಣವನ್ನೂ ತೆಗೆದುಕೊಳ್ಳಲಿಲ್ಲ. ಹಣ ತೆಗೆದುಕೊಳ್ಳದಿದ್ದುದೇ ನಮ್ಮ ಸಂಶಯವನ್ನು ಹೆಚ್ಚಿಸಿತು. ಹಳೆಯ ಸರಕಿಗೆ ಹೊಸ ಚೀಟಿ ಅಂಟಿಸಿ ಮಾರಿದ್ದಾರೆ, ಈಗ ಗ್ಯಾರಂಟಿಯಿಂದ ತಪ್ಪಿಸಿಕೊಳ್ಳಲು ನಮ್ಮ ಗಾಡಿಯ ಮೇಲೆ ತಪ್ಪು ಹೊರಿಸುತ್ತಿದ್ದಾರೆ ಎಂದುಕೊಂಡೆವು.

ಮನಸ್ಸಿನಲ್ಲಿ ಅಂದುಕೊಂಡು ಸುಮ್ಮನಿದ್ದಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತೋ ಏನೋ. ಆ ಶುಕ್ರವಾರ ಕೋಲಾರದಲ್ಲಿ ಜುಮಾ ನಮಾಝ್ ಮುಗಿದ ಬಳಿಕ, ಮಸೀದಿಯ ಅಂಗಳದಲ್ಲಿಯೇ ನಿಂತು ನಾಲ್ವರು ಪರಿಚಿತರ ಮುಂದೆ ಅದನ್ನು ಆಡಿದೆವು. “ನೀವು ಯಾರೂ ಅಲ್ಲಿ ಕೊಳ್ಳಬೇಡಿ, ನಮಗಾದದ್ದು ನಿಮಗಾಗದಿರಲಿ” ಎಂದು ಹಿತೈಷಿಗಳ ಧ್ವನಿಯಲ್ಲಿಯೇ ಹೇಳಿದೆವು. ಪರನಿಂದೆಯು ಹಿತವಚನದ ಉಡುಪು ಧರಿಸಿ ಬಂದಾಗ ಅದನ್ನು ಗುರುತಿಸುವುದು ಕಷ್ಟ.

ಮುಂದಿನ ಮಂಗಳವಾರ ಕಾರು ಮತ್ತೆ ಮಲಗಿತು. ಅಮ್ಮಿಯವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿಯಾಗಿತ್ತು. ಅವರು ಕಿಟಕಿಗೆ ತಲೆಯಾನಿಸಿ, ಬಾಯಿ ತೆರೆದು ಉಸಿರೆಳೆಯುತ್ತಿದ್ದರು. ಟೊಮೆಟೊ ಕ್ರೇಟುಗಳನ್ನು ಹೇರಿಕೊಂಡು ಕೋಲಾರದ ಎ.ಪಿ.ಎಂ.ಸಿ. ಮಾರುಕಟ್ಟೆಗೆ ಹೊರಟಿದ್ದ ನಮ್ಮೂರಿನ ರೈತರೊಬ್ಬರು ತಮ್ಮ ಪಿಕಪ್ ಗಾಡಿಯನ್ನು ನಿಲ್ಲಿಸಿದರು. ಹರಾಜಿನ ಹೊತ್ತು ಮೀರುತ್ತಿದ್ದರೂ ತಂತಿಗಳನ್ನು ತೆಗೆದು ಜೋಡಿಸಿದರು: ಕೆಂಪು ತಂತಿಯನ್ನು ಮೊದಲು ನಮ್ಮ ಬ್ಯಾಟರಿಯ ಪ್ಲಸ್‌ಗೆ, ಬಳಿಕ ಅವರದರ ಪ್ಲಸ್‌ಗೆ, ಕಪ್ಪು ತಂತಿಯನ್ನು ಅವರದರ ಮೈನಸ್‌ಗೆ, ಅದರ ಇನ್ನೊಂದು ತುದಿಯನ್ನು ನಮ್ಮ ಬ್ಯಾಟರಿಗಲ್ಲ, ದೂರದಲ್ಲಿ ಇಂಜಿನ್ನಿನ ಬರಿಯ ಕಬ್ಬಿಣಕ್ಕೆ. ಬ್ಯಾಟರಿಯಿಂದ ಜಲಜನಕ ಅನಿಲ ಹೊರಬರುತ್ತಿರುತ್ತದೆ, ಅದರ ಹತ್ತಿರ ಕಿಡಿ ಹಾರಬಾರದು ಎಂಬುದೇ ಈ ಕ್ರಮಕ್ಕೆ ಕಾರಣ. ಕಾರು ಚಾಲೂ ಆಯಿತು. ನಾವು ಬ್ಯಾಟರಿಯನ್ನೂ ಮಾರಿದವರನ್ನೂ ಬಯ್ಯುತ್ತಿದ್ದುದನ್ನು ಕೇಳಿ ಅವರು ನಕ್ಕು, “ಕೆರೆ ತುಂಬಿಸಿದ ಮೇಲೆ ನೀರು ನಿಲ್ಲದಿದ್ದರೆ ಮಳೆಯನ್ನು ಬಯ್ಯುತ್ತೀವಾ ಸಾಬ್? ಮೊದಲು ತೂಬು ನೋಡುತ್ತೀವಿ ತಾನೆ?” ಎಂದರು.

ವರ್ಷವಿಡೀ ಹರಿಯುವ ನದಿಯಿಲ್ಲದ, ಕೆರೆಗಳನ್ನೇ ನಂಬಿ ಬದುಕಿದ ನಮ್ಮ ಜಿಲ್ಲೆಯವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಚಾಚಾ ಹೇಳಿದ್ದೂ ಅದನ್ನೇ. ಹೇಳಿದವರನ್ನು ಸಂಶಯಿಸಿದ್ದರಿಂದ ಅವರ ಮಾತು ನಮ್ಮ ಕಿವಿಗೆ ಬಿದ್ದಿರಲಿಲ್ಲ.

ಅಂದು ಸಂಜೆ ಐ.ಟಿ.ಐ.ಯಲ್ಲಿ ಓದುತ್ತಿರುವ ನಮ್ಮ ಸೋದರಳಿಯ ಮಲ್ಟಿಮೀಟರ್ ತಂದ. ಇಂಜಿನ್ ಆರಿಸಿ, ಕೀಲಿ ತೆಗೆದು, ಬಾಗಿಲಿನ ದೀಪದ ಗುಂಡಿಯನ್ನು ಟೇಪಿನಿಂದ ಒತ್ತಿಟ್ಟೆವು. ಬ್ಯಾಟರಿಯ ಮೈನಸ್ ತಂತಿಯನ್ನು ಬಿಚ್ಚಿ, ಆ ತಂತಿಗೂ ಬ್ಯಾಟರಿಗೂ ನಡುವೆ ಮೀಟರನ್ನು 10 ಆಂಪಿಯರ್‌ನ ರಂಧ್ರದಲ್ಲಿ ಜೋಡಿಸಿದೆವು. ಹಾಗೆ ಜೋಡಿಸಿರುವಾಗ ಇಂಜಿನ್ ಚಾಲೂ ಮಾಡಲು ಯತ್ನಿಸಿದರೆ ಮೀಟರಿನ ಫ್ಯೂಸ್ ಸುಟ್ಟುಹೋಗುತ್ತದೆ. ಗಾಡಿಯೊಳಗಿನ ಯಂತ್ರಾಂಶಗಳು ಪೂರ್ತಿ ನಿದ್ರೆಗಿಳಿಯಲಿ ಎಂದು ಅರ್ಧ ಗಂಟೆ ಕಾದೆವು. ಗಡಿಯಾರ, ಬಾಗಿಲಿನ ಬೀಗ ಮುಂತಾದವುಗಳಿಗಾಗಿ ನಿಂತ ಕಾರು ಕೂಡ ಸ್ವಲ್ಪ ವಿದ್ಯುತ್ತನ್ನು ಬಳಸುತ್ತದೆ. ಸಾಮಾನ್ಯವಾಗಿ ಅದು 0.05 ಆಂಪಿಯರ್ ಮೀರಬಾರದು. ನಮ್ಮ ಮೀಟರ್ 0.28 ತೋರಿಸುತ್ತಿತ್ತು.

ಸೋದರಳಿಯ ಕಾಗದದ ಮೇಲೆ ಲೆಕ್ಕ ಹಾಕಿದ. ದಿನಕ್ಕೆ ಸುಮಾರು 6.7 ಆಂಪಿಯರ್-ಗಂಟೆ, ಮೂರು ದಿನಕ್ಕೆ 20. ಕೋಲಾರಕ್ಕೆ ಹೋಗಿಬರುವ ಅಲ್ಪ ದೂರದ ಓಟದಲ್ಲಿ 35ರ ಬ್ಯಾಟರಿ ಎಂದೂ ಪೂರ್ತಿಯಾಗಿ ತುಂಬುತ್ತಿರಲಿಲ್ಲ. ಎರಡು ರಾತ್ರಿಯ ಅಂತರವನ್ನು ಅದು ಹೇಗೋ ತಾಳಿಕೊಳ್ಳುತ್ತಿತ್ತು. ಮೂರು ರಾತ್ರಿಯ ಅಂತರವನ್ನು ತಾಳುತ್ತಿರಲಿಲ್ಲ. ಮಂಗಳವಾರದ ರಹಸ್ಯ ಇಷ್ಟೇ.

ಬಳಿಕ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ನೋಡಿದೆವು. ಒಳದೀಪಗಳ ಫ್ಯೂಸ್ ತೆಗೆದೊಡನೆ ಮೀಟರ್ 0.03ಕ್ಕೆ ಇಳಿಯಿತು. ಆದರೆ ಒಳಗೆ ಯಾವ ದೀಪವೂ ಉರಿಯುತ್ತಿರಲಿಲ್ಲ. ಹುಡುಗ ಸ್ವಲ್ಪ ಯೋಚಿಸಿ, ಫ್ಯೂಸನ್ನು ಮತ್ತೆ ಹಾಕಿ, ಮೊಬೈಲಿನಲ್ಲಿ ವಿಡಿಯೊ ಚಾಲೂ ಮಾಡಿ ಅದನ್ನು ಡಿಕ್ಕಿಯೊಳಗಿಟ್ಟು ಮುಚ್ಚಿದ. ತೆಗೆದು ನೋಡಿದರೆ, ಮುಚ್ಚಿದ ಡಿಕ್ಕಿಯ ಕತ್ತಲಲ್ಲಿ ಪುಟ್ಟ ದೀಪವೊಂದು ಶಾಂತವಾಗಿ ಉರಿಯುತ್ತಿತ್ತು.

ಡಿಕ್ಕಿಯ ಬಾಗಿಲು ಮುಚ್ಚಿದಾಗ ಒತ್ತಿಕೊಂಡು ದೀಪವನ್ನು ಆರಿಸಬೇಕಾದ ಗುಂಡಿ ಬಾಗಿಹೋಗಿತ್ತು. ಅದನ್ನು ಬಾಗಿಸಿದವರು ನಾವೇ. ಅಮ್ಮಿಯವರಿಗೆ ನಡೆಯಲಾಗದೆ ಮಡಚುವ ಗಾಲಿಕುರ್ಚಿ ಕೊಂಡ ದಿನದಿಂದ, ಪ್ರತಿ ಬೆಳಿಗ್ಗೆ ಅವಸರದಲ್ಲಿ ಅದನ್ನು ಡಿಕ್ಕಿಗೆ ನೂಕುವಾಗ ಅದರ ಹಿಡಿ ಆ ಗುಂಡಿಗೆ ಬಡಿಯುತ್ತಿತ್ತು. ಹಳೆಯ ಬ್ಯಾಟರಿ ಸೋಲತೊಡಗಿದ್ದೂ ಅದೇ ತಿಂಗಳಿನಿಂದ. 1859ರಲ್ಲಿ ಫ್ರಾನ್ಸಿನ ಗಾಸ್ತೋನ್ ಪ್ಲಾಂಟೆ ರೂಪಿಸಿದ ಸೀಸ-ಆಮ್ಲದ ಬ್ಯಾಟರಿಯ ಗುಣವೇ ಹಾಗೆ: ಬರಿದಾದ ಸ್ಥಿತಿಯಲ್ಲಿ ಬಿಟ್ಟಷ್ಟೂ ಫಲಕಗಳ ಮೇಲೆ ಗಟ್ಟಿಯಾದ ಹರಳು ಕಟ್ಟಿ ಅದರ ಶಕ್ತಿ ಕುಂದುತ್ತದೆ. ಹಳೆಯದನ್ನು ಕೊಂದದ್ದೂ ಬಹುಶಃ ನಾವೇ.

ಗುಂಡಿಯನ್ನು ಇಕ್ಕಳದಿಂದ ನೆಟ್ಟಗೆ ಮಾಡಲು ಎರಡು ನಿಮಿಷ ಸಾಕಾಯಿತು. ಉಳಿದ ದುರಸ್ತಿ ಅಷ್ಟು ಸುಲಭವಾಗಿರಲಿಲ್ಲ.

ಕುರ್‌ಆನಿನ 49ನೆಯ ಅಧ್ಯಾಯವಾದ ಅಲ್‌ಹುಜುರಾತ್‌ನಲ್ಲಿ ಸಂಶಯ, ಗೂಢಚಾರಿಕೆ ಮತ್ತು ಪರನಿಂದೆ ಮೂರನ್ನೂ ಒಂದೇ ಸೂಕ್ತದಲ್ಲಿ ನಿಷೇಧಿಸಲಾಗಿದೆಯೆಂದು ನಾವು ಬಾಲ್ಯದಿಂದಲೂ ಕೇಳಿಬಂದಿದ್ದೇವೆ. ಸಂಶಯವನ್ನು ಮೊದಲು ಹೇಳಿ, ಪರನಿಂದೆಯನ್ನು ಬಳಿಕ ಹೇಳಿರುವುದರ ಅರ್ಥ ಈಗ ತಿಳಿಯಿತು. ಇರುವ ದೋಷವನ್ನು ಬೆನ್ನ ಹಿಂದೆ ಆಡಿದರೆ ಗೀಬತ್, ಇಲ್ಲದ್ದನ್ನು ಆಡಿದರೆ ಬುಹ್ತಾನ್ ಎಂದು ಪ್ರವಾದಿವರ್ಯರು(ಸ) ವಿವರಿಸಿದ್ದಾರೆ. ನಾವು ಮಾಡಿದ್ದು ಎರಡನೆಯದನ್ನು.

ಬುಧವಾರ ಚಾಚಾ ಅವರ ಅಂಗಡಿಗೆ ಹೋಗಿ ನಡೆದುದೆಲ್ಲವನ್ನೂ ಹೇಳಿ ಕ್ಷಮೆ ಕೇಳಿದೆವು. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಬಳಿಕ, “ಅಮ್ಮಿ ಹೇಗಿದ್ದಾರೆ ಬೇಟಾ?” ಎಂದು ವಿಚಾರಿಸಿದರು. ಹೊರಡುವಾಗ ಮೆಲ್ಲನೆ ಕೇಳಿದರು: “ಆ ನಾಲ್ವರಿಗೆ ಹೇಳಿದಿರಾ?”

ಅವರಿಗೆ ಹೇಳಬೇಕೆಂಬುದು ನಮಗೆ ಹೊಳೆದೇ ಇರಲಿಲ್ಲ. ಹಾನಿಗೊಳಗಾದವರ ಮುಂದೆ ಒಂಟಿಯಾಗಿ ತಲೆತಗ್ಗಿಸುವುದು ಸುಲಭ. ಕೇಳಿದವರ ಮುಂದೆ ‘ನಾವು ಆಡಿದ್ದು ಸುಳ್ಳು’ ಎನ್ನುವುದು ಕಠಿಣ. ಶುಕ್ರವಾರ ಅದೇ ಅಂಗಳದಲ್ಲಿ ನಿಂತು ಮೂವರಿಗೆ ಹೇಳಿದೆವು. ನಾಲ್ಕನೆಯವರು ಅಂದು ಬಂದಿರಲಿಲ್ಲ. ಮನೆಗೆ ಹೋಗಿ ಕಂಡೆವು. ಅವರು ಆಗಲೇ ಮನೆಯ ಇನ್ವರ್ಟರ್ ಬ್ಯಾಟರಿಯನ್ನು ಬೇರೆ ಅಂಗಡಿಯಲ್ಲಿ ಕೊಂಡಿದ್ದರು. “ನನ್ನ ಭಾವನವರಿಗೂ ಹೇಳಿಬಿಟ್ಟಿದ್ದೇನಲ್ಲಾ” ಎಂದರು. ಆ ಭಾವ ಇನ್ನಾರಿಗೆ ಹೇಳಿದ್ದಾರೋ ತಿಳಿಯದು. ಬ್ಯಾಟರಿಯಿಂದ ಸೋರಿದ್ದನ್ನು ಅಳೆಯಲು ಮೀಟರ್ ಇತ್ತು. ನಮ್ಮ ನಾಲಗೆಯಿಂದ ಸೋರಿದ್ದು ಎಷ್ಟು ದೂರ ಹರಿದಿದೆಯೆಂದು ತಿಳಿಯುವ ದಾರಿ ನಮಗೆ ಕಾಣುತ್ತಿಲ್ಲ.

ಈಗ ಗಾಲಿಕುರ್ಚಿಯನ್ನು ಡಿಕ್ಕಿಯಲ್ಲಿ ಮೆಲ್ಲನೆ ಮಲಗಿಸುತ್ತೇವೆ. ಮಂಗಳವಾರದ ಬೆಳಗುಗಳಲ್ಲಿ ಕಾರು ಮೊದಲ ತಿರುವಿಗೇ ಚಾಲೂ ಆಗುತ್ತಿದೆ, ಅಲ್‌ಹಮ್ದುಲಿಲ್ಲಾಹ್. ಊರಿನಲ್ಲಿ ಯಾರಿಗೆ ಬ್ಯಾಟರಿ ಬೇಕಾದರೂ ಚಾಚಾ ಅವರ ಅಂಗಡಿಯ ದಾರಿ ತೋರಿಸುತ್ತೇವೆ. ಅದು ಉಪಕಾರವಲ್ಲ, ಸಾಲದ ಮರುಪಾವತಿ. ಪ್ರಿಯ ಓದುಗರೇ, ನಿಮ್ಮ ಮನೆಯಲ್ಲಿಯೂ ಏನಾದರೂ ಮತ್ತೆ ಮತ್ತೆ ಬರಿದಾಗುತ್ತಿದ್ದರೆ, ಕೊಟ್ಟವರನ್ನು ದೂರುವ ಮುನ್ನ ಮುಚ್ಚಿದ ಡಿಕ್ಕಿಯೊಳಗೆ ಒಮ್ಮೆ ಇಣುಕಿ ನೋಡಿರಿ. ಅಲ್ಲಾಹನು ನಮ್ಮೆಲ್ಲರ ಹೃದಯಗಳನ್ನು ಸಂಶಯದಿಂದಲೂ ನಾಲಗೆಗಳನ್ನು ನಿಂದೆಯಿಂದಲೂ ಕಾಪಾಡಲಿ. ಆಮೀನ್.