ನಾಪೋಕ್ಲು ಮೈದಾನದಲ್ಲಿ ಇಂಗ್ಲಿಷ್ ಪಾಠ

ಮಡಿಕೇರಿಯಿಂದ ಮೂರ್ನಾಡು ದಾಟಿ ನಾಪೋಕ್ಲಿಗೆ ಸಾಗುವ ದಾರಿಯುದ್ದಕ್ಕೂ ಕಾಫಿ ತೋಟ, ನಡುನಡುವೆ ಗದ್ದೆ ಬಯಲು. 2024ರ ಬೇಸಿಗೆಯಲ್ಲಿ ಈ ಪುಟ್ಟ ಊರಿಗೆ 360 ಕೊಡವ ಕುಟುಂಬಗಳ ತಂಡಗಳು ಹಾಕಿ ಆಡಲು ಬಂದವು. ಕುಂಡ್ಯೋಳಂಡ ಕುಟುಂಬ ಆತಿಥ್ಯ ವಹಿಸಿತ್ತು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಈ ಉತ್ಸವ ಆರಂಭಿಸಿದಾಗ ಇದ್ದದ್ದು 60 ತಂಡಗಳು.

ಇಲ್ಲಿನ ವೀಕ್ಷಕ ವಿವರಣೆ ಕೊಡವ ತಕ್ಕಿನಲ್ಲಿ. ಆದರೆ ಕಿವಿಗೊಟ್ಟು ಕೇಳಿ: ಪಾಸ್, ಡ್ರಿಬಲ್, ಟ್ಯಾಕಲ್, ಪೆನಾಲ್ಟಿ ಕಾರ್ನರ್ ಎಂಬ ಮಾತುಗಳು ಅಕ್ಕಿಯ ನಡುವಿನ ಅವರೆಕಾಳಿನಂತೆ ಬೆರೆತಿರುತ್ತವೆ. ಅಜ್ಜಿಯ ಪಕ್ಕದಲ್ಲಿ ಕುಳಿತ ನಾಲ್ಕನೇ ತರಗತಿಯ ಮಗುವಿಗೆ ಇವುಗಳ ಅರ್ಥ ಹೇಳಿಕೊಡಬೇಕಿಲ್ಲ. ಕಣ್ಣೆದುರೇ ಚೆಂಡು ಓಡುತ್ತಿರುತ್ತದೆ. ಅದೇ ಮಗು ತರಗತಿಯಲ್ಲಿ ಇಂಗ್ಲಿಷ್ ಪುಸ್ತಕ ತೆರೆದರೆ ಬಾಯಿ ಕಟ್ಟಿದಂತೆ ಕೂರುತ್ತದಲ್ಲ, ಏಕೆ?

ಪದ ಗೊತ್ತಿದ್ದರೆ ಸಾಲದು, ಅದರ ಜೊತೆಗಾರರೂ ಗೊತ್ತಿರಬೇಕು. ನಾವು ಗೋಲ್ 'ಹೊಡೆಯುತ್ತೇವೆ'. ಇಂಗ್ಲಿಷಿನಲ್ಲಿ ಚೆಂಡಿಗೆ 'ಹಿಟ್', ಗೋಲಿಗೆ 'ಸ್ಕೋರ್'. ಅಲ್ಲಿ ಪಂದ್ಯವನ್ನು 'ವಿನ್' ಮಾಡಬಹುದು, ಎದುರಾಳಿ ತಂಡವನ್ನು 'ಬೀಟ್' ಮಾಡಬೇಕು. ನಮ್ಮ ಮಕ್ಕಳು ಪತ್ರ ಬರೆಯುವಾಗ ಎಡವುವುದು ಇಂಥ ಕಡೆಗಳಲ್ಲೇ. ನಿಘಂಟಿನಿಂದ ಐವತ್ತು ಪದ ಉರುಹೊಡೆಸಿದರೆ ಈ ತೊಡಕು ಬಿಡಿಸಿಕೊಳ್ಳದು.

ಇನ್ನು ಆಟದ ಪದಗಳಿಗೆ ಅಂಗಳದಾಚೆ ಬೇರೆಯೇ ಬದುಕಿದೆ. 'ಡ್ರಿಬಲ್' ಎಂದರೆ ಕೂಸಿನ ಜೊಲ್ಲು ಸುರಿಯುವುದೂ ಹೌದು. 'ಟ್ಯಾಕಲ್' ಎಂದರೆ ಕಷ್ಟವೊಂದನ್ನು ಎದುರಿಸುವುದೂ ಹೌದು. ನಿಂತ ಆಟವನ್ನು ಮತ್ತೆ ಶುರು ಮಾಡುವ 'ಬುಲ್ಲಿ', ಶಾಲೆಯ ಜಗಲಿಯಲ್ಲಿ ಚಿಕ್ಕವರನ್ನು ಪೀಡಿಸುವ ಹುಡುಗನ ಹೆಸರೂ ಆಗುತ್ತದೆ. ಗೋಲಿನ ಮುಂದಿನ 'ಸರ್ಕಲ್' ದುಂಡಗಿಲ್ಲ, 'ಡಿ' ಅಕ್ಷರದ ಆಕಾರದಲ್ಲಿದೆ. ರಸ್ತೆಯಲ್ಲಿ ಹಸಿರು ದೀಪ ಕಂಡರೆ ಹೊರಡಬೇಕು. ಅಂತರರಾಷ್ಟ್ರೀಯ ಹಾಕಿಯಲ್ಲಿ ಹಸಿರು ಕಾರ್ಡ್ ಕಂಡವನು ಎರಡು ನಿಮಿಷ ಹೊರಗೆ ಕೂರಬೇಕು! ಇಂಥ ವಿನೋದವನ್ನು ಒಮ್ಮೆ ಕೇಳಿದ ಮಗು ಮರೆಯುವುದಿಲ್ಲ.

ಉತ್ಸವ ನಡೆಯುವುದು ಬಹುಪಾಲು ಬೇಸಿಗೆ ರಜೆಯಲ್ಲಿ. ಪೋಷಕರು ಮಕ್ಕಳನ್ನು ಕರೆದುಕೊಂಡು ಹೋದರೆ ಒಂದು ಸಣ್ಣ ಉಪಾಯ ಮಾಡಬಹುದು. ಆಟ ನಡೆಯುವಾಗ ಕೇಳಿದ ಐದು ಪದಗಳನ್ನು ಗುರುತು ಹಾಕಿಕೊಳ್ಳಲಿ. ಮರಳುವ ಬಸ್ಸಿನಲ್ಲಿ ಒಂದೊಂದಕ್ಕೂ ಒಂದು ವಾಕ್ಯ ಹೇಳಲಿ. ನಡೆದುಹೋದ ಆಟವಾದ್ದರಿಂದ ಭೂತಕಾಲ ತಾನಾಗಿಯೇ ಬರುತ್ತದೆ: 'ಪಾಸ್' ಹೋಗಿ 'ಪಾಸ್ಡ್' ಆಗುತ್ತದೆ, 'ಸ್ಟಾಪ್' ಹೋಗಿ 'ಸ್ಟಾಪ್ಡ್', 'ಹಿಟ್' ಮಾತ್ರ ಹಿಟ್ ಆಗಿಯೇ ಉಳಿಯುತ್ತದೆ. ತಪ್ಪಿದರೆ ನಡುವೆ ತಡೆಯಬೇಡಿ. ವಾಕ್ಯ ಮುಗಿದ ಮೇಲೆ ಸರಿಯಾದ ರೂಪವನ್ನು ನೀವೇ ಸಹಜವಾಗಿ ಆಡಿ ತೋರಿಸಿ. ಇಂಗ್ಲಿಷ್ ಬಾರದ ತಾಯಿತಂದೆಯರೂ ಮಗುವಿನಿಂದ ಆಟದ ಕತೆ ಹೇಳಿಸಬಹುದು. ಕೇಳುವವರಿದ್ದರೆ ಹೇಳುವ ಧೈರ್ಯ ಬರುತ್ತದೆ.

1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದ ಎಂ.ಎಂ. ಸೋಮಯ್ಯ ಕೊಡಗಿನವರು. ಈ ನೆಲದ ಮಕ್ಕಳೆಲ್ಲ ಒಲಿಂಪಿಕ್ಸ್‌ಗೆ ಹೋಗಲಾರರು. ಆದರೆ ಮೈದಾನದಲ್ಲಿ ಅಂಜದೆ ಕೂಗುವ ಪದಗಳನ್ನು ತರಗತಿಯಲ್ಲೂ ಅಂಜದೆ ಆಡಬಲ್ಲರು. ಗುರುಗಳು ಪಾಠವನ್ನು ಮಕ್ಕಳಿಗೆ ಗೊತ್ತಿರುವಲ್ಲಿಂದ ಶುರು ಮಾಡಿದರೆ ಅಷ್ಟೇ ಸಾಕು.