ಫಾರ್ಮ್ಯಾಟ್ ಆಯ್ತು, ಪಾಸ್‌ವರ್ಡ್ ಎಲ್ಲಿ?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಸಪೋರ್ಟ್ ನಿಂತಿತು. ಅಲ್ಲಿಂದ ನಮ್ಮ ಕಡೆ ಲ್ಯಾಪ್‌ಟಾಪ್‌ಗಳು ಒಂದೊಂದಾಗಿ ಫಾರ್ಮ್ಯಾಟ್ ಆಗ್ತಿವೆ. ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ವ್ಯಾಪಾರ ಮಾಡೋ ನಮ್ಮ ಮಾವನದೂ ಆಯ್ತು. ಹನೂರಿನ ಚಿಕ್ಕಮ್ಮನ ಮಗ ಬಂದು ವಿಂಡೋಸ್ 11 ಹಾಕಿಕೊಟ್ಟ. ಹುಡುಗ ಜಾಣ, ಬಿಲ್ಲು, ಫೋಟೋ, ಕ್ರೋಮ್ ಫೋಲ್ಡರ್ ಸಮೇತ ಪೆನ್‌ಡ್ರೈವ್‌ಗೆ ಇಳಿಸಿಟ್ಟಿದ್ದ. ವಾಪಸ್ ಹಾಕಿದರೆ ಒಂದೂ ಪಾಸ್‌ವರ್ಡ್ ಬರಲಿಲ್ಲ.

"ಎಲ್ಲಾ ಇಳ್ಸಿವ್ನಿ ಅಂದ್ಯಲ್ಲೋ ಮಗ?" ಅಂದರು ಮಾವ. ಅವತ್ತು ತಾರೀಖು 18. ಜಿಎಸ್‌ಟಿ 3ಬಿ ರಿಟರ್ನ್‌ಗೆ 20 ಕೊನೇ ದಿನ, ತಪ್ಪಿದರೆ ದಿನಕ್ಕೆ 50 ರೂಪಾಯಿ.

ಹುಡುಗನ ತಪ್ಪೇನಿಲ್ಲ. ಕ್ರೋಮ್ ಪಾಸ್‌ವರ್ಡನ್ನು ಗೂಢಲಿಪಿ ಮಾಡಿ ಇಡುತ್ತೆ. ಬಿಚ್ಚೋ ಕೀಲಿ ವಿಂಡೋಸ್‌ನ ಯೂಸರ್ ಅಕೌಂಟ್‌ಗೆ ಅಂಟಿಕೊಂಡಿರುತ್ತೆ. ಫಾರ್ಮ್ಯಾಟ್ ಆದರೆ ಆ ಅಕೌಂಟೇ ಹೋಯ್ತು. ಹೊಸದಕ್ಕೆ ಅದೇ ಹೆಸರು ಕೊಟ್ಟರೂ ವಿಂಡೋಸ್ ಪಾಲಿಗೆ ಅದು ಬೇರೆ ಮನುಷ್ಯ. ಫೈರ್‌ಫಾಕ್ಸ್ ಆಗಿದ್ದಿದ್ದರೆ ಪಾಸ್‌ವರ್ಡ್ ಫೈಲು, ಕೀಲಿಯ ಫೈಲು ಎರಡೂ ಒಂದೇ ಪ್ರೊಫೈಲ್ ಫೋಲ್ಡರ್‌ನಲ್ಲಿ ಇರ್ತಿದ್ದವು, ಫೋಲ್ಡರ್ ತಂದಿದ್ದರೆ ಸಾಕಿತ್ತು. (ಪ್ರೈಮರಿ ಪಾಸ್‌ವರ್ಡ್ ಹಾಕದಿದ್ದರೆ ಕಳ್ಳನಿಗೂ ಅಷ್ಟೇ ಸಲೀಸು, ಅದು ಬೇರೆ ಮಾತು.)

ಮಾವನ ಫೋನ್ ಇಸ್ಕೊಂಡು ಗೂಗಲ್ ಪಾಸ್‌ವರ್ಡ್ ಮ್ಯಾನೇಜರ್ ತೆಗೆದೆ. ಜಿಮೇಲ್‌ಗೆ ಸಿಂಕ್ ಆಗಿದ್ದವೆಲ್ಲ ಸಿಕ್ಕವು: ಕರೆಂಟ್ ಬಿಲ್ಲು, ರೈಲ್ವೆ ಟಿಕೆಟ್ಟು. ಜಿಎಸ್‌ಟಿಯದು ಮಾತ್ರ ಇಲ್ಲ. ಅಂಗಡಿ ಲೆಕ್ಕಕ್ಕೆಂದು ಮಾಡಿದ್ದ ಬೇರೆ ಕ್ರೋಮ್ ಪ್ರೊಫೈಲ್‌ನಲ್ಲಿ, ಸೈನ್ ಇನ್ ಇಲ್ಲದೆ ಸೇವ್ ಆಗಿತ್ತು. 'ಫರ್ಗಾಟ್ ಪಾಸ್‌ವರ್ಡ್' ಒತ್ತಿದರೆ ಒಟಿಪಿ ಹೋಗಿದ್ದು ಯಳಂದೂರಿಗೆ! ನೋಂದಣಿ ಮಾಡಿಸಿಕೊಟ್ಟಿದ್ದ ಅಲ್ಲಿನವರೊಬ್ಬರು ತಮ್ಮದೇ ಮೊಬೈಲ್, ಇಮೇಲ್ ಹಾಕಿದ್ದರು. ಸಣ್ಣ ವ್ಯಾಪಾರಿಗಳ ಪೈಕಿ ಎಷ್ಟು ಜನರದು ಹೀಗಿದೆಯೋ. ಪುಣ್ಯಕ್ಕೆ ಅವರು ಫೋನ್ ಎತ್ತಿ, ಒಟಿಪಿ ಓದಿ ಹೇಳಿದರು. ಎತ್ತದಿದ್ದರೆ ದಾಖಲೆ ಹಿಡಿದು ನಮ್ಮ ವ್ಯಾಪ್ತಿಯ ತೆರಿಗೆ ಅಧಿಕಾರಿ ಹತ್ತಿರ ಹೋಗಬೇಕಿತ್ತು. 2018ರಲ್ಲಿ ಸರ್ಕಾರ ಆ ದಾರಿ ಮಾಡಿದೆ. 19ರ ರಾತ್ರಿ ರಿಟರ್ನ್ ಹೋಯ್ತು. ಆಮೇಲೆ ಮಾಡಿಸಿದ ಮೊದಲ ಕೆಲಸ, ಆ ನಂಬರ್ ಬದಲಾವಣೆ.

ನಿಮ್ಮ ಮನೇಲೂ ಫಾರ್ಮ್ಯಾಟ್ ಬಾಕಿ ಇದ್ದರೆ, ಮೊದಲು ಕ್ರೋಮ್‌ನ ಪ್ರತಿ ಪ್ರೊಫೈಲ್‌ನಿಂದಲೂ ಪಾಸ್‌ವರ್ಡ್ ಎಕ್ಸ್‌ಪೋರ್ಟ್ ಮಾಡಿಕೊಳ್ಳಿ. ಆ ಸಿಎಸ್‌ವಿ ಫೈಲನ್ನು ಯಾರು ಬೇಕಾದರೂ ಓದಬಹುದು, ಹಾಗಾಗಿ ಹೊಸದರಲ್ಲಿ ಇಂಪೋರ್ಟ್ ಆದ ಕೂಡಲೇ ಅಳಿಸಿ, ಪೆನ್‌ಡ್ರೈವ್‌ನಿಂದಲೂ. ಮಾವನಿಗೆ ಇದ್ಯಾವುದೂ ಹಿಡಿಸಲಿಲ್ಲ. ಲೆಕ್ಕದ ಪುಸ್ತಕದ ಕೊನೇ ಪುಟದಲ್ಲಿ ಎಲ್ಲ ಬರೆದು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ. ನಾನೂ ಬೇಡ ಅನ್ನಲಿಲ್ಲ.