ಗಾಣಗಾಪುರದ ದಾರಿಯಲ್ಲಿ ಕುದಿದ ಜೀಪು

ಗಾಣಗಾಪುರಕ್ಕೆ ಹೋಗಿ ಬಂದವರನ್ನು ಕೇಳಿ ನೋಡಿ. ಸಂಗಮದ ಸ್ನಾನ, ನಿರ್ಗುಣ ಪಾದುಕೆಯ ದರ್ಶನ, ಮಧ್ಯಾಹ್ನದ ಮಧುಕರಿ, ಈ ಮೂರನ್ನು ಹೇಳದೆ ಬಿಡುವುದಿಲ್ಲ. ನಾನು ನಾಲ್ಕನೆಯದೊಂದನ್ನು ಸೇರಿಸಿ ಹೇಳಬೇಕಾಗಿದೆ. ಅದು ಜೀಪಿನ ರೇಡಿಯೇಟರ್ ಮುಚ್ಚಳದ ಕಥೆ! ನಗಬೇಡಿ, ಸೋದರಿಯರೇ. ಬೇಸಿಗೆಯಲ್ಲಿ ಮಕ್ಕಳುಮರಿ ಕಟ್ಟಿಕೊಂಡು ಗಾಡಿಯಲ್ಲಿ ಹೊರಡುವ ನಿಮಗೂ ಇದು ಬೇಕಾದ ಮಾತೇ.

ನಮ್ಮವರಿಗೆ ಹಳೇ ಜೀಪಿನ ಹುಚ್ಚು. ಹರಾಜಿನಲ್ಲಿ ಒಂದನ್ನು ತಂದು, ಎರಡು ವರ್ಷ ಹಿತ್ತಲಲ್ಲಿಟ್ಟು ಬಿಚ್ಚಿದರು, ಜೋಡಿಸಿದರು, ಬಣ್ಣ ಬಳಿದರು. ಗಾಡಿಯೇನೋ ಓಡತೊಡಗಿತು. ಆದರೆ ಒಂದು ಕಾಯಿಲೆ ಉಳಿಯಿತು. ಬೆಳಿಗ್ಗೆ ರೇಡಿಯೇಟರಿಗೆ ನೀರು ತುಂಬಿದರೆ ಪೇಟೆ ಸುತ್ತಿ ಬರುವಷ್ಟರಲ್ಲಿ ಒಂದು ತಂಬಿಗೆ ಮಾಯ. ಜೀಪು ನಿಂತ ಜಾಗ ನೋಡಿದರೆ ನೆಲ ಒಣಗಿಯೇ ಇರುತ್ತಿತ್ತು. “ಹಳೇ ಗಾಡಿ, ಸ್ವಲ್ಪ ಕುಡಿಯತ್ತೆ ಬಿಡು” ಅಂತ ಇವರು ಎರಡು ಕ್ಯಾನು ನೀರು ಹಿಂದೆ ಇಟ್ಟುಕೊಂಡು ತಿರುಗುತ್ತಿದ್ದರು.

ನಮ್ಮ ಅತ್ತೆಯವರಿಗೆ ಗಾಣಗಾಪುರದಲ್ಲಿ ಒಮ್ಮೆ ಮಧುಕರಿ ಬೇಡುವ ಹರಕೆ. ಗುರುಪ್ರತಿಪದೆಯ ಜಾತ್ರೆಯ ಗದ್ದಲ ಮುಗಿದ ಮೇಲೆ, ಬಿಸಿಲು ಬಲಿಯುತ್ತಿದ್ದ ದಿನಗಳಲ್ಲಿ, ಅವರನ್ನೂ ಮಗನನ್ನೂ ಕೂರಿಸಿಕೊಂಡು ಜೀಪಿನಲ್ಲೇ ಹೊರಟೆವು. ಕಲಬುರಗಿಯಿಂದ ಗಾಣಗಾಪುರ ಸುಮಾರು 40 ಕಿ.ಮೀ. ಅಫಜಲಪುರದ ರಸ್ತೆ ಹಿಡಿದು ಚೌಡಾಪುರದಲ್ಲಿ ತಿರುಗಬೇಕು. ಎರಡೂ ಕಡೆ ಕರಿ ಎರೆ ಭೂಮಿ, ತೊಗರಿ ಕೊಯ್ದ ಹೊಲಗಳು, ಬಿಳಿಜೋಳದ ಒಣಗಿದ ದಂಟು. ಮರದ ನೆರಳು ಕಡಿಮೆ.

ಚೌಡಾಪುರ ಇನ್ನೂ ಸಿಕ್ಕಿರಲಿಲ್ಲ, ಶಾಖದ ಮುಳ್ಳು ಮೇಲೇರಿತು. ಮುಂದಿನಿಂದ ಬುಸ್ಸೆಂದು ಹಬೆ! ಇವರು ಗಾಡಿ ಪಕ್ಕಕ್ಕೆ ಹಾಕಿದರು. ಕಾಲೇಜಿಗೆ ಹೋಗುವ ಮಗ ಟವೆಲು ಹಿಡಿದು, ಮುಚ್ಚಳ ತಿರುಗಿಸಲು ಬಾನೆಟ್ಟಿನ ಮೇಲೆ ಬಾಗಿದ. ಅತ್ತೆಯವರು ಒಳಗಿನಿಂದಲೇ ಗದರಿದರು: “ಕೈ ತೆಗಿಯೋ! ಕೂಗ್ತಿರೋ ಕುಕ್ಕರಿನ ಮುಚ್ಚಳ ಯಾರಾದರೂ ತೆಗೀತಾರಾ?”

ಅವನ ಕೈ ಅಲ್ಲೇ ನಿಂತಿತು. ಆ ಮಾತು ಬರದಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಬಿಸಿ ರೇಡಿಯೇಟರಿನ ಮುಚ್ಚಳ ತೆಗೆದರೆ ಕುದಿನೀರು ಕಾರಂಜಿಯಂತೆ ಮುಖಕ್ಕೇ ಚಿಮ್ಮುತ್ತದೆ.

ಮುಕ್ಕಾಲು ಗಂಟೆ ಕಾದೆವು. ತಣ್ಣಗಾದ ಮೇಲೆ ಎರಡು ಕ್ಯಾನು ನೀರೂ ಒಳಗೆ ಹೋಯಿತು. ಮತ್ತೆ ಏಳೆಂಟು ಕಿ.ಮೀ. ಹೋಗುವಷ್ಟರಲ್ಲಿ ಮುಳ್ಳು ಪುನಃ ಏರಿತು. ಈ ಸಲ ಕ್ಯಾನು ಖಾಲಿ. ಪಕ್ಕದ ಹೊಲದಲ್ಲಿ ಜೋಳ ಕೊಯ್ಯುತ್ತಿದ್ದ ಹೆಣ್ಣುಮಕ್ಕಳಲ್ಲಿ ಒಬ್ಬಾಕೆ ತಲೆಯ ಸೆರಗು ಸರಿಮಾಡಿಕೊಳ್ಳುತ್ತ ಬಂದಳು. “ಯಾಕ್ರೀ ಯಕ್ಕಾ, ಗಾಡಿ ನಿಂತದೇನು? ತಗೋರಿ, ಹಾಕ್ರಿ” ಎಂದು ಮರದ ಬುಡದಲ್ಲಿಟ್ಟಿದ್ದ ಕೊಡವನ್ನೇ ತಂದಳು. ಅದು ಅವರೆಲ್ಲ ಸಂಜೆವರೆಗೆ ಕುಡಿಯುವ ನೀರು. ಬೇಡವೆಂದರೂ ಕೇಳಲಿಲ್ಲ. ಎಂಜಿನ್ ಆರಿದ ಮೇಲೆ ಅರ್ಧ ಕೊಡ ನೀರು ಹಾಕಿಕೊಂಡೆವು. ಬುತ್ತಿಯ ಸಜ್ಜೆರೊಟ್ಟಿ, ಶೇಂಗಾ ಚಟ್ನಿ ಅವರಿಗೆ ಕೊಟ್ಟು ಹೊರಟೆವು. ಇವರು ಊರು ಮುಟ್ಟುವತನಕ ಮಾತಾಡಲಿಲ್ಲ.

ಗಾಣಗಾಪುರ ಸೇರಿದಾಗ ಹನ್ನೊಂದೂವರೆ. ಸಂಗಮದ ಸ್ನಾನ ಸಂಜೆಗೆ ಇರಲೆಂದು ನೇರ ಗುಡಿಗೆ ನಡೆದೆವು. ದತ್ತಾತ್ರೇಯನ ಅವತಾರವೆಂದು ನಂಬುವ ಶ್ರೀ ನೃಸಿಂಹ ಸರಸ್ವತಿಯವರು ಈ ಊರಲ್ಲಿ ಬಹುಕಾಲ ನೆಲೆಸಿ, ಶ್ರೀಶೈಲದ ಕಡೆಗೆ ಹೊರಡುವಾಗ ಪಾದುಕೆಗಳನ್ನು ಭಕ್ತರಿಗಾಗಿ ಬಿಟ್ಟುಹೋದರೆಂದು ಗುರುಚರಿತ್ರೆ ಹೇಳುತ್ತದೆ. ಸಣ್ಣ ಕಿಂಡಿಯಿಂದ ಪಾದುಕೆಯ ದರ್ಶನ. ಮಧ್ಯಾಹ್ನ ಸ್ವಾಮಿ ಯಾವುದಾದರೂ ರೂಪದಲ್ಲಿ ಭಿಕ್ಷೆಗೆ ಬರುತ್ತಾನೆಂಬ ನಂಬಿಕೆಯಿಂದ ಭಕ್ತರು ಐದು ಮನೆ ಬೇಡುತ್ತಾರೆ. ಅತ್ತೆಯವರೂ ಜೋಳಿಗೆ ಹಿಡಿದು ಐದು ಬಾಗಿಲಲ್ಲಿ ನಿಂತರು. ಅವರ ಕಣ್ಣಲ್ಲಿ ನೀರಾಡಿತು. “ದಾರೀಲೇ ಒಬ್ಬಳು ನೀಡಿದಳಲ್ಲ, ಅದೇ ಮೊದಲ ಭಿಕ್ಷೆ” ಎಂದರು.

ಊಟವಾದ ಮೇಲೆ ಒಂದು ಸಣ್ಣ ಗ್ಯಾರೇಜು ಹುಡುಕಿದೆವು. ವಯಸ್ಸಾದ ಮೇಸ್ತ್ರಿ ಇವರ ಮಾತೆಲ್ಲ ಕೇಳಿ, “ನೀರು ಎಷ್ಟ್ ಹಾಕಿದ್ರೇನ್ರೀ ಸಾಹೇಬ್ರ? ಎಲ್ಲಿ ಹೋಗ್ತದ ಅಂತ ಮೊದಲ ನೋಡಬೇಕು” ಎಂದ. ಹಂಡೆಯೊಳಗೆ ಗಡಸು ನೀರು ಬಿಳಿ ಪದರ ಕಟ್ಟುತ್ತದಲ್ಲ, ಅಂಥದೇ ಬಿಳಿ ಕಲೆಯನ್ನು ಎರಡು ಕಡೆ ತೋರಿಸಿದ. ಒಂದು ಕೆಳಗಿನ ರಬ್ಬರ್ ಹೋಸಿನ ಪಟ್ಟಿಯ ಬಳಿ, ಪಟ್ಟಿ ಸಡಿಲವಾಗಿತ್ತು. ಇನ್ನೊಂದು, ಮುಚ್ಚಳದ ಪಕ್ಕದಿಂದ ಇಳಿಯುವ ಸಣ್ಣ ಕೊಳವೆಯ ತುದಿಯಲ್ಲಿ. ಮುಚ್ಚಳ ತೆಗೆದು ನೋಡಿದರೆ ಅದರ ರಬ್ಬರು ಗಟ್ಟಿಯಾಗಿ ಬಿರಿದಿತ್ತು, ಒಳಗಿನ ಸ್ಪ್ರಿಂಗು ಸೋತಿತ್ತು.

ಸಂಗತಿ ಇಷ್ಟೇ. ತೆರೆದ ಪಾತ್ರೆಯ ನೀರು 100 ಡಿಗ್ರಿಗೆ ಕುದಿಯುತ್ತದೆ. ಕುಕ್ಕರಿನಲ್ಲಿ ಒತ್ತಡವಿರುವುದರಿಂದ 120ರ ಹತ್ತಿರ ಹೋಗುತ್ತದೆ. ರೇಡಿಯೇಟರಿನ ಮುಚ್ಚಳವೂ ಅದೇ ರೀತಿ ಒತ್ತಡ ಹಿಡಿದು ನೀರು ಬೇಗ ಕುದಿಯದಂತೆ ಕಾಯುತ್ತದೆ. ನಮ್ಮ ಕುಕ್ಕರಿನ ಗ್ಯಾಸ್ಕೆಟ್ ಸೋತರೆ ಹಬೆ ಪಕ್ಕದಿಂದ ಹೋಗಿ ಬೇಳೆ ಬೇಯುವುದಿಲ್ಲ. ಇಲ್ಲಿ ನೀರು ಹಾರಿ ಎಂಜಿನ್ನೇ ಬೇಯುತ್ತದೆ! ತಣ್ಣಗೆ ನಿಂತಾಗ ಒತ್ತಡವಿಲ್ಲ, ಅದಕ್ಕೇ ನಮ್ಮ ಹಿತ್ತಲ ನೆಲ ಒಣಗಿರುತ್ತಿದ್ದುದು. ಮೇಸ್ತ್ರಿ ಅದೇ ಅಳತೆಯ ಹೊಸ ಮುಚ್ಚಳ ಹಾಕಿ, ಹೋಸಿನ ಪಟ್ಟಿ ಬದಲಿಸಿದ. ಫ್ಯಾನಿನ ಬೆಲ್ಟು, ನೀರಿನ ಪಂಪು ಸರಿಯಾಗಿದ್ದವು.

ಹೊರಗೆಲ್ಲೂ ಸೋರದೆ ನೀರು ಇಳಿಯುತ್ತಿದ್ದರೆ ಮಾತ್ರ ಹೆದರಬೇಕು. ಎಂಜಿನ್ ಬಿಸಿಯಾದ ಮೇಲೂ ಹಿಂದಿನಿಂದ ಬೆಳ್ಳನೆಯ ಹೊಗೆ, ಆಯಿಲ್ ಕಡ್ಡಿಯಲ್ಲಿ ಹಾಲು ಬೆರೆಸಿದ ಚಹಾದ ಬಣ್ಣ ಕಂಡರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಆಗ ಗಾಡಿ ಓಡಿಸಲೇಬಾರದು.

ಇನ್ನು ಈ ನಾಲ್ಕು ಮಾತು ನೆನಪಿಡಿ:

ಮುಳ್ಳು ಏರಿದರೆ ಕೂಡಲೇ ಎ.ಸಿ. ಆರಿಸಿ, ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಬಂದ್ ಮಾಡಿ. “ಇನ್ನೇನು ಊರು ಬಂತು” ಅನ್ನಬೇಡಿ.

ಪೂರ್ತಿ ತಣ್ಣಗಾಗುವತನಕ ಮುಚ್ಚಳ ಮುಟ್ಟಬೇಡಿ. ಕಾದ ಎಂಜಿನ್ನಿಗೆ ತಣ್ಣೀರು ಸುರಿಯಬೇಡಿ, ಲೋಹ ಸೀಳಬಹುದು.

ದಾರಿಯಲ್ಲಿ ಸಿಕ್ಕ ನೀರು ಆಪತ್ತಿಗೆ ಮಾತ್ರ. ಆಮೇಲೆ ಕೂಲಂಟನ್ನು ಡಿಸ್ಟಿಲ್ಡ್ ವಾಟರಿನೊಡನೆ, ಡಬ್ಬಿಯ ಮೇಲೆ ಹೇಳಿದ ಅಳತೆಯಲ್ಲಿ ಹಾಕಿಸಿ. ತುಕ್ಕು, ಗಡಸು ನೀರಿನ ಪದರ ತಪ್ಪುತ್ತದೆ.

ಕೂಲಂಟು ವಿಷ, ರುಚಿಗೆ ಸಿಹಿ. ಕುಡಿಯುವ ನೀರಿನ ಬಾಟಲಿಯಲ್ಲಿ ಎಂದೂ ತುಂಬಿಡಬೇಡಿ. ಚೆಲ್ಲಿದ್ದನ್ನು ಮಕ್ಕಳು, ನಾಯಿ ಮುಟ್ಟದಂತೆ ತೊಳೆಯಿರಿ.

ಸಂಜೆ ಸುಮಾರು 3 ಕಿ.ಮೀ. ಆಚೆಯ ಸಂಗಮಕ್ಕೆ ಹೋದೆವು. ಭೀಮೆಯೂ ಅಮರ್ಜೆಯೂ ಕೂಡುವ ಜಾಗ. ಔದುಂಬರದ ನೆರಳಲ್ಲಿ ಗುರುಚರಿತ್ರೆ ಪಾರಾಯಣ ನಡೆದಿತ್ತು. ಅತ್ತೆಯವರು ಮುಳುಗು ಹಾಕಿ ಎದ್ದರು.

ಮರುದಿನ ಹಿಂದಿರುಗುವಾಗ ಮುಳ್ಳು ಮಧ್ಯದಲ್ಲೇ ನಿಂತಿತ್ತು. ಆ ಹೊಲದ ಹತ್ತಿರ ಇವರು ತಾವಾಗಿಯೇ ಜೀಪು ನಿಲ್ಲಿಸಿದರು. ತುಂಬಿಸಿಕೊಂಡಿದ್ದ ಎರಡು ಕ್ಯಾನು ಕುಡಿಯುವ ನೀರನ್ನು ಇಳಿಸಿ ಆ ಮರದ ಬುಡಕ್ಕೆ ಹೊತ್ತು ನಡೆದರು. “ನಮ್ಮ ಗಾಡಿಗೆ ಇನ್ನು ಬೇಡ ಕಣೆ” ಎಂದರು.

ನೀವೂ ಹೋಗಿ ಬನ್ನಿ. ರೈಲಿನಲ್ಲಾದರೆ ಗಾಣಗಾಪುರ ರೋಡ್ ನಿಲ್ದಾಣದಲ್ಲಿಳಿದು ಮುಂದೆ ರಸ್ತೆಯಲ್ಲಿ ಹೋಗಬೇಕು. ಸ್ವಂತ ಗಾಡಿಯಾದರೆ, ಬುತ್ತಿ ಕಟ್ಟುವ ಹಿಂದಿನ ದಿನ ಒಮ್ಮೆ ಕೇಳಿ: “ರೀ, ರೇಡಿಯೇಟರಿನ ಮುಚ್ಚಳ ನೋಡಿದಿರಾ?”